ನಾನು ಇಂಗ್ಲಿಷಿನಲ್ಲಿ ಬೇಡಿದ ವರ್ಷ

ಆಗೆಲ್ಲ ನಮ್ಮ ಕಾಫಿ ಎಸ್ಟೇಟಿನಲ್ಲಿ ಬಾಯಲ್ಲಿ ಕೇಳಿದ್ದು ಕೇಳಿದ ಹಾಗೆ ಅಲ್ಲ. ಮನೆಯ ಹೆಂಚು ಒಡೆದು ಒಲೆಯೊಳಗೆ ನೀರು ಸುರಿದರೂ, ನೆಂಟರ ಮದುವೆಗೆ ನಾಲ್ಕು ದಿನ ರಜೆ ಬೇಕಾದರೂ, ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಸಾಗಿಸಲು ಜೀಪು ಬೇಕಾದರೂ ಮ್ಯಾನೇಜರಿಗೆ ಅರ್ಜಿ ಕೊಡಬೇಕಿತ್ತು. ಅರ್ಜಿ ಇಂಗ್ಲಿಷಿನಲ್ಲೇ ಇರಬೇಕಿತ್ತು. ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ ಅಂತಲ್ಲ. ಚೆನ್ನಾಗಿ ಬರುತ್ತಿತ್ತು, ಬೈಯುವಾಗ ನಮಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಫೈಲಿಗೆ ಹೋಗುವ ಕಾಗದ ಇಂಗ್ಲಿಷಿನಲ್ಲಿ ಇರಬೇಕು ಎನ್ನುವುದು ಬಿಳಿಯರ ಕಾಲದ ಕ್ರಮ. ಬಿಳಿಯರು ಹೋಗಿ ಎಷ್ಟೋ ವರ್ಷವಾಗಿತ್ತು, ಕ್ರಮ ಹೋಗಿರಲಿಲ್ಲ. ಬಂಗಲೆಯಲ್ಲಿ ಯಾರು ಬಂದು ಕೂತರೂ ನಾವು ಅವರನ್ನು ದೊರೆ ಎಂದೇ ಕರೆಯುತ್ತಿದ್ದೆವು.

ಆ ಅರ್ಜಿಗಳನ್ನು ಬರೆಯುತ್ತಿದ್ದವರು ರೈಟರ್ ಬೆಳ್ಯಪ್ಪ. ಎಸ್ಟೇಟಿನಲ್ಲಿ ರೈಟರ್ ಎಂದರೆ ಹಾಜರಿ ಬರೆಯುವವರು, ಹಣ್ಣು ತೂಗಿಸುವವರು, ಯಾರಿಗೆ ಯಾವ ಕೆಲಸ ಎಂದು ಬೆಳಿಗ್ಗೆ ಕೂಗಿ ಹೇಳುವವರು. ಒಂದು ಅರ್ಜಿಗೆ ಒಂದು ಕೋಳಿ. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಅವರು ಬಾಯಿಬಿಟ್ಟು ಕೇಳಿದವರೂ ಅಲ್ಲ. ಆದರೆ ಕೋಳಿ ಇಲ್ಲದೆ ಹೋದವರ ಅರ್ಜಿ ಬರೆಯಲು ಅವರಿಗೆ ಯಾವತ್ತೂ ಪುರುಸೊತ್ತು ಇರುತ್ತಿರಲಿಲ್ಲ.

ನಮ್ಮದು ಪಿರಿಯಾಪಟ್ಟಣದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಸಂಸಾರ. ಇದ್ದ ತುಂಡು ಹೊಲ ಅಣ್ಣತಮ್ಮಂದಿರಿಗೆ ಸಾಲದೆ ನನ್ನ ಅಪ್ಪ ನಂಜಯ್ಯ ಅವ್ವ ಸಾಕಮ್ಮನನ್ನು ಕರೆದುಕೊಂಡು ಪಾಲಿಬೆಟ್ಟದ ಕಡೆಯ ಈ ಎಸ್ಟೇಟಿಗೆ ಬಂದಿದ್ದ. ಲೈನ್ ಮನೆಯಲ್ಲಿ ನಮಗೊಂದು ಕೋಣೆ. ಲೈನ್ ಎಂದರೆ ಗೋಡೆಗೆ ಗೋಡೆ ಅಂಟಿಕೊಂಡ ಹನ್ನೆರಡು ಕೋಣೆಗಳ ಸಾಲು, ಹನ್ನೆರಡಕ್ಕೂ ಸೇರಿ ಒಂದು ನಲ್ಲಿ. ಎಡಗಡೆ ತಮಿಳಿನವರು, ಬಲಗಡೆ ಮಲಯಾಳದವರು. ನಲ್ಲಿಯ ಹತ್ತಿರ ಜಗಳ ಯಾವ ಭಾಷೆಯಲ್ಲಿ ಶುರುವಾದರೂ ಕನ್ನಡದಲ್ಲಿ ಮುಗಿಯುತ್ತಿತ್ತು. ನಾವು ಹುಡುಗರು ಉದುರಿದ ಚಕ್ಕೋತದ ಕಾಯಿಯನ್ನು ಚೆಂಡು ಮಾಡಿಕೊಂಡು ಒದೆಯುತ್ತಿದ್ದೆವು. ಹಣ್ಣಾದ ಕಾಫಿಯನ್ನು ಬಾಯಿಗೆ ಹಾಕಿ ಸಿಹಿ ಚೀಪಿ ಬೀಜವನ್ನು ಯಾರು ದೂರ ಉಗಿಯುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಪಿಕ್ಕಿಂಗ್ ಕಾಲದಲ್ಲಿ ಹಣ್ಣಿನ ಸಿಪ್ಪೆ ಕೊಳೆತ ಹುಳಿ ವಾಸನೆ ಲೈನಿನ ತನಕ ಬರುತ್ತಿತ್ತು. ಒಣ ಮೀನಿನ ಸಾರು, ಬೆಲ್ಲದ ಕಾಫಿ, ಆ ಹುಳಿ ವಾಸನೆ, ಇವು ಮೂರೂ ಸೇರಿದ್ದೇ ನಮ್ಮ ಮನೆಯ ವಾಸನೆ.

ನಾನು ಶಾಲೆ ಸೇರಿದ್ದೇ ಎಂಟು ವರ್ಷಕ್ಕೆ. ಐದನೇ ಕ್ಲಾಸಿಗೆ ಬಂದಾಗ ಹನ್ನೆರಡು ತುಂಬಿತ್ತು. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ನಾನೇ, ಕೊನೆಯ ಬೆಂಚಿನಲ್ಲಿ ಕೂರಿಸುತ್ತಿದ್ದರು. ಆಗ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದರಲ್ಲಿ. ಜಯಣ್ಣ ಮೇಷ್ಟ್ರು ಹಾಸನದ ಕಡೆಯವರು, ಎಬಿಸಿಡಿ ಮುಗಿಸಿದ ಕೂಡಲೆ ನಮಗೆ ರಜಾ ಅರ್ಜಿ ಕಲಿಸಿದರು. "ಐ ಬೆಗ್ ಟು ಸ್ಟೇಟ್ ದಟ್" ಎಂದು ಬೋರ್ಡಿನ ಮೇಲೆ ಬರೆದು ಅದರ ಕೆಳಗೆ ಗೆರೆ ಎಳೆದರು. ಬೆಗ್ ಅಂದರೆ ಏನು ಸಾರ್ ಎಂದು ಕೇಳಿದೆ. ಬೇಡುವುದು ಅಂದರು. ಜ್ವರ ಬಂದದ್ದನ್ನು ಹೇಳಲು ಯಾಕೆ ಬೇಡಬೇಕು ಸಾರ್ ಅಂದೆ. ಕ್ಲಾಸು ನಕ್ಕಿತು.

ಮೇಷ್ಟ್ರು ನಗಲಿಲ್ಲ. "ಇಂಗ್ಲಿಷಲ್ಲಿ ಹಂಗೇ ಕಣೋ. ಹೇಳೋದಕ್ಕೂ ಬೇಡಬೇಕು. ಅದು ಮರ್ಯಾದೆ" ಅಂದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳಿಗೆ ಅದು ಹಿಡಿಸಲಿಲ್ಲ. ಅವಳ ಲೆಕ್ಕದಲ್ಲಿ ಕೇಳುವುದು ಬೇರೆ, ಬೇಡುವುದು ಬೇರೆ. ದುಡಿದದ್ದನ್ನು ಕೇಳಬೇಕು. ಅಕ್ಕಪಕ್ಕದವರಲ್ಲಿ ಉಪ್ಪು ಕೇಳಬಹುದು, ನಾಳೆ ಅವರೂ ಕೇಳುತ್ತಾರೆ. ಸೆರಗೊಡ್ಡಿ ಬೇಡುವುದು ದೇವರ ಮುಂದೆ ಮಾತ್ರ, ಅದೂ ಮಕ್ಕಳಿಗೆ ಜ್ವರ ಬಂದಾಗ.

ಆ ವರ್ಷ ಸಂಕ್ರಾಂತಿ ಕಳೆದು ರೊಬಸ್ಟಾ ಹಣ್ಣಿನ ಕೊಯ್ಲು ಜೋರಾಗಿದ್ದಾಗಲೇ ಕಾಳುಮೆಣಸೂ ಬಂತು. ಅಪ್ಪ ಮೆಣಸು ಕೊಯ್ಯುವುದರಲ್ಲಿ ಗಟ್ಟಿಗ. ಒಂಟಿ ಬಿದಿರಿನ ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಮೂವತ್ತು ಅಡಿ ಮೇಲೆ ನಿಂತು ಕೆಳಗಿನವರ ಜೊತೆ ಮಾತಾಡುತ್ತಾ ಕೊಯ್ಯುತ್ತಿದ್ದ. ಕುಡಿಯುವವನಲ್ಲ. ಬಟವಾಡೆಯ ಸಂಜೆ ಲೈನಿನ ಗಂಡಸರೆಲ್ಲ ಒಂದು ದಿಕ್ಕಿಗೆ ಹೋದರೆ ಅಪ್ಪ ಇನ್ನೊಂದು ದಿಕ್ಕಿಗೆ ಹೋಗಿ ನಮಗೆ ಖಾರಸೇವೆ ತರುತ್ತಿದ್ದ. ಅದಕ್ಕೇ ಅವನಿಗೆ ಕಾಫಿ ನಂಜಯ್ಯ ಎಂದು ಹೆಸರಿಟ್ಟಿದ್ದರು. ಏನು ಕೊಟ್ಟರೂ ಬೇಡ, ಒಂದು ಲೋಟ ಕಾಫಿ ಕೊಡಿ ಅನ್ನುವವನು ಎಂದು.

ಆ ಏಣಿಗೆ ಹುಳ ಹಿಡಿದಿತ್ತು. ಬುಡದಲ್ಲಿ ಹಿಟ್ಟು ಉದುರುತ್ತಿದ್ದುದನ್ನು ನಾನೇ ನೋಡಿದ್ದೆ. ಅಪ್ಪ ರೈಟರಿಗೆ ಎರಡು ಸಲ ಹೇಳಿದ್ದ. ಹೊಸ ಬಿದಿರು ಬರುತ್ತದೆ, ಈ ವಾರ ಹೇಗಾದರೂ ಸುಧಾರಿಸು ಎಂದು ಅವರು ಹೇಳಿದ್ದರು. ಮೂರನೇ ದಿನ ಏಣಿ ನಡುವಿಗೆ ಮುರಿಯಿತು. ನಾನು ಶಾಲೆಯಲ್ಲಿದ್ದೆ. ಮನೆಗೆ ಬರುವಷ್ಟರಲ್ಲಿ ಅಪ್ಪನನ್ನು ಜೀಪಿನಲ್ಲಿ ಮಲಗಿಸಿಕೊಂಡು ವಿರಾಜಪೇಟೆಗೆ ಹೋಗಿದ್ದರು. ಸೊಂಟದ ಮೂಳೆಯೂ ಬಲಗಾಲೂ ಮುರಿದಿದ್ದವು. ಇಪ್ಪತ್ತು ದಿನ ಅಲ್ಲಿಟ್ಟು, ಇದಕ್ಕೆ ಮೈಸೂರಿಗೇ ಹೋಗಬೇಕು ಎಂದು ಹೇಳಿ ಕಳಿಸಿದರು. ನಾವು ಮೈಸೂರಿಗೆ ಹೋಗಲಿಲ್ಲ. ಎಲುಬು ಕಟ್ಟುವವರೊಬ್ಬರು ಬಂದು ಬಿದಿರಿನ ದಬ್ಬೆ ಇಟ್ಟು ಸೊಪ್ಪು ಅರೆದು ಕಟ್ಟಿ ಹೋದರು. ಅಪ್ಪ ಕೋಣೆಯ ಮೂಲೆಯ ಚಾಪೆಯ ಮೇಲೆ ಮಲಗಿದ.

ಲೈನಿನಲ್ಲಿ ಇನ್ನೊಂದು ಕ್ರಮವಿತ್ತು. ಪಿಕ್ಕಿಂಗ್ ಕಾಲದಲ್ಲಿ ಒಂದು ಕೋಣೆಯಿಂದ ಎರಡು ಆಳು ಕೆಲಸಕ್ಕೆ ಬರಲೇಬೇಕು. ಒಂದೇ ಆಳಿನ ಸಂಸಾರಕ್ಕೆ ಕೋಣೆ ಇಲ್ಲ. ಅಪ್ಪ ಆಸ್ಪತ್ರೆಯಿಂದ ಬಂದ ಮೂರನೇ ದಿನ ರೈಟರು ಅವ್ವನಿಗೆ ಹೇಳಿ ಕಳಿಸಿದರು: ಸೋಮವಾರದಿಂದ ಹುಡುಗನನ್ನು ಕಳಿಸು, ಇಲ್ಲದಿದ್ದರೆ ಕೋಣೆಯ ಬೀಗ ಒಪ್ಪಿಸು. ಪರೀಕ್ಷೆಗೆ ಒಂದೂವರೆ ತಿಂಗಳು ಇತ್ತು. ಕೊಯ್ಲಿಗೆ ಇಳಿದ ಹುಡುಗರು ಮತ್ತೆ ಶಾಲೆಗೆ ಬಂದದ್ದನ್ನು ನಮ್ಮ ಲೈನಿನಲ್ಲಿ ಯಾರೂ ನೋಡಿರಲಿಲ್ಲ.

ಪರೀಕ್ಷೆ ಮುಗಿಯುವ ತನಕ ಹುಡುಗನನ್ನು ಬಿಡಿ, ಮನೆಯನ್ನೂ ಬಿಡಿಸಬೇಡಿ ಎಂದು ದೊರೆಯನ್ನು ಕೇಳುವುದು ಎಂದು ಅವ್ವ ತೀರ್ಮಾನಿಸಿದಳು. ಆದರೆ ಇದ್ದದ್ದು ಒಂದೇ ಕೋಳಿ, ಮೊಟ್ಟೆಯಿಡುವ ಹೇಟೆ. ಆ ಮೊಟ್ಟೆಗಳು ಅಪ್ಪನಿಗೆ. ಅವಳು ಕೋಳಿಯನ್ನೂ ಅಪ್ಪನನ್ನೂ ನೋಡುತ್ತಾ ಕೂತಿದ್ದಾಗ ನಾನೇ ಅಂದೆ, ಅರ್ಜಿ ನಾನು ಬರೆಯುತ್ತೇನೆ, ನನಗೆ ಬರುತ್ತದೆ ಎಂದು. ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಎರಡು ದಿನ ಬರೆದೆ. ಬರುತ್ತಿದ್ದ ಪದಗಳನ್ನು ಬರೆದು, ಬಾರದ ಪದಗಳ ಜಾಗದಲ್ಲಿ ಕನ್ನಡ ಬರೆದು ಮೇಷ್ಟ್ರ ಹತ್ತಿರ ಒಯ್ದೆ. ಅವರು ಒಂದೊಂದಾಗಿ ಇಂಗ್ಲಿಷ್ ಪದ ಹೇಳಿಕೊಟ್ಟರು. ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು ಎಂದು ಅವರೇ ಕಲಿಸಿದ್ದರಲ್ಲ, ನಾನು ಸ್ಪಷ್ಟವಾಗಿಯೇ ಬರೆದಿದ್ದೆ. ಏಣಿ ಹಳೆಯದು, ಹುಳ ತಿಂದಿತ್ತು. ಅಪ್ಪ ರೈಟರಿಗೆ ಎರಡು ಸಲ ಹೇಳಿದ್ದ. ಏಣಿ ಮುರಿದು ಅಪ್ಪ ಬಿದ್ದ. ಆ ಸಾಲಿಗೆ ಬಂದಾಗ ಮೇಷ್ಟ್ರ ಪೆನ್ನು ನಿಂತಿತು.

"ಇದು ನಿಜವೇನೋ?"

"ನಿಜ ಸಾರ್."

ಅವರು, ಹಾಗಾದರೆ ಇರಲಿ ಎಂದು ಹೇಳಿ ಮುಂದಿನ ಸಾಲಿಗೆ ಹೋದರು.

ಅರ್ಜಿ ತೆಗೆದುಕೊಳ್ಳುತ್ತಿದ್ದುದು ಬುಧವಾರ ಬೆಳಿಗ್ಗೆ. ರೈಟರು ಎಲ್ಲರ ಅರ್ಜಿಗಳನ್ನೂ ಕಟ್ಟು ಮಾಡಿ ಒಳಗೆ ಒಯ್ಯುವುದು ವಾಡಿಕೆ. ಅವತ್ತು ಅವರು ದೂರದ ತೋಟದಲ್ಲಿ ತೂಕಕ್ಕೆ ಹೋಗಿದ್ದರು. ನಮಗದು ಅನುಕೂಲ ಅನಿಸಿತು. ಅವ್ವ ಮೆಟ್ಟಿಲ ಕೆಳಗೆ ನಿಂತಳು. ನಾನು ಆಫೀಸಿನ ವರಾಂಡ ಹತ್ತಿ ದೊರೆಯ ಕೈಗೇ ಕಾಗದ ಕೊಟ್ಟೆ.

ಅವರು ಮೊದಲ ಸಾಲು ಓದಿ ನಕ್ಕರು. "ನೀನೇ ಬರೆದದ್ದಾ?" ಅಂದರು. ಹೌದು ಸಾರ್ ಅಂದೆ. ಅಷ್ಟರಲ್ಲಿ ಫೋನ್ ಬಡಿಯಿತು. ಅವರು ಅದನ್ನು ಎತ್ತಿ, ಕುರ್ಚಿಗೆ ಒರಗಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿಕೊಂಡು ಯಾರ ಜೊತೆಯೋ ನಗುತ್ತಾ ಮಾತಾಡಿದರು. ನಡುವೆ "ಐ ಬೆಗ್ ಯುವರ್ ಪಾರ್ಡನ್?" ಅಂದರು. ನನಗೆ ಗೊತ್ತಿದ್ದ ಪದ. ದೊರೆಯೂ ಬೇಡುತ್ತಿದ್ದಾರೆ.

ಫೋನ್ ಇಟ್ಟು ಅರ್ಜಿಯ ಉಳಿದ ಭಾಗ ಓದಿದರು. ನಡುವೆ ಎಲ್ಲೋ ಅವರ ನಗು ಹೋಯಿತು. ಮತ್ತೊಮ್ಮೆ ಮೊದಲಿಂದ ಓದಿದರು. ಬೇರೆ ಅರ್ಜಿಗಳನ್ನು ಇಡುತ್ತಿದ್ದ ಟ್ರೇಯಲ್ಲಿ ಇಡದೆ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, "ಸರಿ, ನೋಡುವ" ಅಂದರು.

ನಮಗೆ ಅದು ಒಳ್ಳೆಯ ಲಕ್ಷಣ ಅನಿಸಿತು. ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ ಅಂದರೆ ಮರೆಯುವುದಿಲ್ಲ ಎಂದು ಅವ್ವ ದಾರಿಯುದ್ದಕ್ಕೂ ಹೇಳಿದಳು. ಮನೆಗೆ ಬಂದು ನಾನು ಅಪ್ಪನಿಗೆ ಫೋನಿನ ವಿಷಯ ಹೇಳಿದೆ, ದೊರೆಯೂ ಬೇಡಿದರು ಎಂದು.

"ಅವ್ರು ಯಾರ್ತವ ಬೇಡ್ಬೇಕ್ಲಾ?" ಎಂದು ಅಪ್ಪ ನಕ್ಕ. ನಕ್ಕರೆ ಸೊಂಟ ನೋಯುತ್ತಿತ್ತು, ಆದರೂ ನಕ್ಕ.

ಶುಕ್ರವಾರ ಸಂಜೆ ರೈಟರು ತಾವೇ ಲೈನಿಗೆ ಬಂದರು. ಅವರು ಯಾವತ್ತೂ ಲೈನಿಗೆ ಬಂದವರಲ್ಲ. ನಲ್ಲಿಯ ಹತ್ತಿರ ನಿಂತು ಅವ್ವನನ್ನು ಕರೆದರು. ಅವ್ವ ಕೊಡ ಇಳಿಸಿ ನಿಂತಳು, ನಾನು ಅವಳ ಪಕ್ಕದಲ್ಲಿ ನಿಂತೆ.

"ಎಂಥ ಕೆಲ್ಸ ಮಾಡಿದಿ ಸಾಕಮ್ಮ. ನೀನು ಮನೆ ಕೇಳ್ಲಿಕ್ಕೆ ಹೋದದ್ದಾ, ನನ್ನ ಕುತ್ತಿಗೆಗೆ ಹಗ್ಗ ಹಾಕ್ಲಿಕ್ಕೆ ಹೋದದ್ದಾ? ಏಣಿ ವಿಷ್ಯ ನಿನ್ನ ಹತ್ರ ಯಾರು ಕೇಳಿದ್ದು ಮಾರಾಯ್ತಿ?"

"ಇದ್ದದ್ದು ಬರ್ದವ್ನೆ ಸ್ವಾಮಿ. ಸುಳ್ಳು ಏನೂ ಬರ್ದಿಲ್ಲ."

"ಅದೇ ತೊಂದರೆ" ಅಂದರು ರೈಟರು.

ಅವರು ವಿವರಿಸಿ ಹೇಳಿದ್ದು ಇಷ್ಟು. ಅಪ್ಪ ಬಿದ್ದದ್ದು ಎಸ್ಟೇಟಿನ ಕೆಲಸದಲ್ಲಿ ಎಂದು ಎಲ್ಲೂ ದಾಖಲೆಯಿಲ್ಲ. ಅವತ್ತಿನ ಹಾಜರಿಯಲ್ಲಿ ಅಪ್ಪನ ಹೆಸರಿನ ಮುಂದೆ ಗೈರು ಎಂದು ಬರೆದಾಗಿದೆ. ಈಗ ಹುಡುಗ ಇಂಗ್ಲಿಷಿನಲ್ಲಿ ಏಣಿ, ಹುಳ, ರೈಟರ್ ಎಂದೆಲ್ಲ ಬರೆದು ದೊರೆಯ ಕೈಗೇ ಕೊಟ್ಟಿದ್ದಾನೆ. ಇದರ ಹಿಂದೆ ಯಾರೋ ಇದ್ದಾರೆ, ಕೇಸು ಹಾಕಲು ಹೊರಟಿದ್ದಾರೆ ಎಂದು ದೊರೆ ತಿಳಿದುಕೊಂಡಿದ್ದಾರೆ. ನಾಳೆ ಮಧ್ಯಾಹ್ನ ಅಮ್ಮ ಮಗ ಇಬ್ಬರೂ ಆಫೀಸಿಗೆ ಬರಬೇಕು. ಮೇಷ್ಟ್ರ ಕಿವಿಗೆ ಏನಾದರೂ ಬಿದ್ದರೆ ಮನೆ ಆಸೆ ಬಿಡಬೇಕು.

ನಾಲ್ಕು ದಿನದ ಹಿಂದೆ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂದು ಹೋಗಿತ್ತು. ಶನಿವಾರ ನಾವು ಆಫೀಸಿಗೆ ಹೋಗುವ ದಾರಿಯಲ್ಲಿ ಕಾಫಿ ಮೊಗ್ಗುಗಳೆಲ್ಲ ಉಬ್ಬಿ ನಿಂತಿದ್ದವು. ಆಫೀಸಿನಲ್ಲಿ ದೊರೆ ಇರಲಿಲ್ಲ. ರೈಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಾಲು ಹಾಕಿದ ಕಾಫಿ, ಎರಡು ಬಿಸ್ಕತ್ತು ತರಿಸಿಕೊಟ್ಟರು. ಆಮೇಲೆ ಅವ್ವನನ್ನು ಹೊರಗೆ ಹಲಸಿನ ಮರದ ಕೆಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ರೈಟರ ಕೈ ಆಡುತ್ತಿತ್ತು, ಅವ್ವ ಅಲ್ಲಾಡದೆ ನಿಂತಿದ್ದಳು. ಕೊನೆಗೆ ಅವಳ ತಲೆ ಒಂದು ಸಲ ಬಾಗಿತು.

ಒಳಗೆ ಬಂದು ರೈಟರು ನನ್ನ ಮುಂದೆ ಒಂದು ಕಾಗದ ಇಟ್ಟರು. ಅವರೇ ಬರೆದ ಇಂಗ್ಲಿಷ್, ಹನ್ನೊಂದು ಸಾಲು. ಇದನ್ನು ಹೀಗೇ ನಿನ್ನ ಅಕ್ಷರದಲ್ಲಿ ಬರೆದು ಕೊಡು ಅಂದರು. ಮೊದಲಿನ ಅರ್ಜಿ ನನ್ನ ಅಕ್ಷರದಲ್ಲಿತ್ತಲ್ಲ, ಇದೂ ಅದೇ ಅಕ್ಷರದಲ್ಲಿ ಇರಬೇಕಿತ್ತು. ನಾನು ಅವ್ವನ ಮುಖ ನೋಡಿದೆ.

"ಬರಿ ಮಗ. ಗುಂಡಾಗಿ ಬರಿ."

ನಾನು ಗುಂಡಾಗಿ ಬರೆದೆ. ಒಂದು ಪ್ರತಿಯಲ್ಲಿ ಮಸಿ ಚೆಲ್ಲಿತು. ಮತ್ತೆರಡು ಬರೆದೆ, ಒಂದು ಇಲ್ಲಿನ ಫೈಲಿಗೆ, ಒಂದು ಹೆಡ್ಡಾಫೀಸಿಗೆ. ಅವ್ವ ಎರಡಕ್ಕೂ ಹೆಬ್ಬೆಟ್ಟು ಒತ್ತಿದಳು. ಮಸಿ ಚೆಲ್ಲಿದ ಪ್ರತಿಯನ್ನು ನಾನು ಕೇಳಿ ಇಸಿದುಕೊಂಡೆ. ಅಷ್ಟು ದೊಡ್ಡ ಇಂಗ್ಲಿಷನ್ನು ನಾನು ಅದುವರೆಗೆ ಬರೆದಿರಲಿಲ್ಲ.

ಅದರಲ್ಲಿ ಏನಿತ್ತು ಎಂದು ಗೊತ್ತಾಗಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್ ಎಂದೇ ಅದು ಶುರುವಾಗುತ್ತಿತ್ತು. ನನ್ನ ಗಂಡ ಕುಡಿತದ ಚಟದವನು. ಅವತ್ತು ಕೆಲಸಕ್ಕೆ ಬಾರದೆ, ಕುಡಿದ ಅಮಲಿನಲ್ಲಿ ಮೆಣಸು ಕದಿಯಲು ಮರ ಹತ್ತಿ ಬಿದ್ದ. ಇದರಲ್ಲಿ ಎಸ್ಟೇಟಿನ ತಪ್ಪು ಏನೂ ಇಲ್ಲ. ನನ್ನ ಮಗ ತಿಳಿಯದೆ ಸುಳ್ಳು ಬರೆದಿದ್ದಾನೆ. ಅದಕ್ಕೆ ಐ ಬೆಗ್ ಯುವರ್ ಪಾರ್ಡನ್. ಮನೆಯನ್ನು ಬಿಡಿಸದೆ, ಮಗನನ್ನು ಪರೀಕ್ಷೆ ತನಕ ಕೆಲಸದಿಂದ ಬಿಟ್ಟು ಕಾಪಾಡಬೇಕು.

ಮುಂದಿನ ಬುಧವಾರ ಹುಕುಂ ಬಂತು. ಕೋಣೆ ನಮಗೇ ಇರಲಿ, ಹುಡುಗ ಪರೀಕ್ಷೆ ಬರೆಯಲಿ. ಅಷ್ಟೊತ್ತಿಗೆ ಕಾಫಿ ಹೂ ಪೂರಾ ಅರಳಿ ತೋಟವೆಲ್ಲ ಬೆಳ್ಳಗಾಗಿತ್ತು. ಆ ಪರಿಮಳದಲ್ಲಿ ನಾನು ಕುಣಿಯುತ್ತಾ ಶಾಲೆಗೆ ಹೋದೆ. ನನ್ನ ಇಂಗ್ಲಿಷಿನಿಂದ ಮನೆ ಉಳಿಯಿತು ಎಂದು ಲೈನಿನಲ್ಲೆಲ್ಲ ಮಾತಾಯಿತು. ಪಕ್ಕದ ಕೋಣೆಯ ತಮಿಳಿನ ಅಜ್ಜಿ ನನ್ನ ತಲೆ ಸವರಿ ನೆಟಿಕೆ ಮುರಿದಳು.

ಮಸಿ ಚೆಲ್ಲಿದ ಪ್ರತಿಯನ್ನು ನಾನು ಬಾಯಿಪಾಠ ಮಾಡಿದೆ. ಅಪ್ಪನ ಕಾಲಿನ ಹತ್ತಿರ ನಿಂತು ಕೈಕಟ್ಟಿ ಹೇಳುತ್ತಿದ್ದೆ. ಅಪ್ಪ ಕಣ್ಣುಮುಚ್ಚಿ ಕೇಳುತ್ತಿದ್ದ. ಏನಂತ ಬರೆದದ್ದು ಎಂದು ಮೊದಲ ದಿನ ಕೇಳಿದಾಗ ಒಲೆಯ ಮುಂದೆ ಕೂತಿದ್ದ ಅವ್ವನೇ ಉತ್ತರ ಕೊಟ್ಟಳು. ನಿನ್ನ ಕಾಲು ಸರಿಯಾಗುವ ತನಕ ಮನೆ ಬಿಡಿಸಬೇಡಿ ಅಂತ, ಅಂದಳು. ಆಮೇಲೆ ನೋಡಲು ಬಂದ ನೆಂಟರಿಗೆಲ್ಲ ಅಪ್ಪ ನನ್ನಿಂದ ಅದನ್ನು ಓದಿಸಿದ. ಕುಶಾಲನಗರದಿಂದ ದೊಡ್ಡಪ್ಪ ಬಂದಾಗ ಓದಿಸಿದ. ಎಲುಬು ಕಟ್ಟುವವರು ಬಂದಾಗ ಓದಿಸಿದ.

ಅದರಲ್ಲಿ ಕುಡಿದ ಅಮಲಿಗೆ ಇಂಟಾಕ್ಸಿಕೇಟೆಡ್ ಎಂಬ ಒಂದು ಪದವಿತ್ತು. ನಮ್ಮ ಲೈನಿನ ಹುಡುಗರಿಗೆ ಅಷ್ಟು ಉದ್ದದ ಪದ ಎಲ್ಲೂ ಸಿಕ್ಕಿರಲಿಲ್ಲ. ಗೋಲಿ ಆಟದಲ್ಲಿ ಸೋತವನು ಅದನ್ನು ತಪ್ಪಿಲ್ಲದೆ ಹೇಳಿದರೆ ಗೋಲಿ ವಾಪಸ್ಸು ಎಂದು ನಾನೇ ನಿಯಮ ಮಾಡಿದೆ. ಇಡೀ ಬೇಸಿಗೆ ಲೈನಿನ ಮುಂದಿನ ಅಂಗಳದಲ್ಲಿ ಆ ಪದದ್ದೇ ಕೂಗಾಟ. ಒಳಗೆ ಮಲಗಿದ್ದ ಅಪ್ಪ ಕೂಡ ಒಂದೆರಡು ಸಲ ನಾಲಿಗೆ ತಿರುಗಿಸಲು ನೋಡಿ, ನನ್ನಿಂದ ಆಗಲ್ಲ ಕಣ್ಲಾ ಎಂದು ಕೈಬಿಟ್ಟ.

ಮಳೆ ಹಿಡಿಯುವ ಮೊದಲು ಮಡಿಕೇರಿಯಿಂದ ಒಬ್ಬ ಅಧಿಕಾರಿ ಬಂದರು. ಆಸ್ಪತ್ರೆಯಿಂದ ಏನೋ ಚೀಟಿ ಹೋಗಿತ್ತಂತೆ, ಎಸ್ಟೇಟ್ ಕೆಲಸದವನು ಮರದಿಂದ ಬಿದ್ದ ಬಗ್ಗೆ ವಿಚಾರಿಸಲು ಬಂದಿದ್ದರು. ಜೊತೆಗೆ ರೈಟರು ಇದ್ದರು. ಅಧಿಕಾರಿ ಬಾಗಿಲಲ್ಲಿ ಬಗ್ಗಿ ಅಪ್ಪನನ್ನು ನೋಡಿ, ಹೇಗಿದ್ದೀಯಪ್ಪ ಎಂದು ಕೇಳಿ, ಮತ್ತೆ ನಲ್ಲಿಯ ಹತ್ತಿರ ಬಂದು ನಿಂತರು. ಅವ್ವನಿಗೆ ಕಾಗದ ತೋರಿಸಿ ಈ ಹೆಬ್ಬೆಟ್ಟು ನಿಂದೇನಮ್ಮ ಅಂದರು. ಹೂಂ ಅಂದಳು. ಅಕ್ಷರ ಯಾರದ್ದು ಎಂದು ಕೇಳಿದರು.

ಯಾರೂ ನನ್ನನ್ನು ಮುಂದೆ ತಳ್ಳಲಿಲ್ಲ. ನಾನೇ ಹೋದೆ.

"ನಂದು ಸಾರ್."

"ನಿನಗೆ ಇಂಗ್ಲಿಷ್ ಬರ್ತದಾ?"

ಬರುತ್ತದೆ ಎಂದು ತೋರಿಸಲು ನಾನು ಕೈಕಟ್ಟಿ ನಿಂತು ಹನ್ನೊಂದು ಸಾಲನ್ನೂ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಆ ಉದ್ದದ ಪದವನ್ನು ಸ್ವಲ್ಪ ಜೋರಾಗಿಯೇ ಹೇಳಿದೆ, ಒಳಗೆ ಅಪ್ಪನಿಗೂ ಕೇಳಿಸಲಿ ಎಂದು. ಅಧಿಕಾರಿ ನನ್ನನ್ನೇ ನೋಡುತ್ತಿದ್ದರು. ರೈಟರು ನೆಲ ನೋಡುತ್ತಿದ್ದರು. ಅವ್ವ ತುಂಬಿದ ಕೊಡವನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಅಧಿಕಾರಿ ಪುಸ್ತಕದಲ್ಲಿ ಏನೋ ಬರೆದುಕೊಂಡು, ಚೆನ್ನಾಗಿ ಓದು ಎಂದು ನನ್ನ ಬೆನ್ನು ತಟ್ಟಿ ಜೀಪು ಹತ್ತಿದರು. ಮತ್ತೆ ಯಾರೂ ಬರಲಿಲ್ಲ.

ಅಪ್ಪ ಎರಡೂವರೆ ವರ್ಷ ಹಾಗೇ ಇದ್ದ. ಕೋಲು ಹಿಡಿದು ನಲ್ಲಿಯ ತನಕ ಬರುತ್ತಿದ್ದ, ಅದಕ್ಕಿಂತ ಆಚೆ ಇಲ್ಲ. ಮೂರನೇ ಮಳೆಗಾಲದಲ್ಲಿ ತೀರಿಕೊಂಡ. ನನ್ನ ಶಾಲೆ ಅದಕ್ಕಿಂತ ಮೊದಲೇ ಮುಗಿದಿತ್ತು. ಹುಕುಂ ಇದ್ದದ್ದು ಒಂದು ಪರೀಕ್ಷೆಗೆ. ಮುಂದಿನ ವರ್ಷ ಅವ್ವ ಮತ್ತೆ ಕೇಳಿ ಇನ್ನೊಂದು ವರ್ಷ ಗಿಟ್ಟಿಸಿದಳು, ಆ ಸಲ ಹೇಟೆ ಕೋಳಿ ರೈಟರ ಮನೆಗೆ ಹೋಯಿತು. ಅದರ ಮುಂದಿನ ವರ್ಷ ಏಳನೇ ಕ್ಲಾಸಿನ ಪರೀಕ್ಷೆಗೆ ಎರಡು ತಿಂಗಳು ಇರುವಾಗ ನಾನು ಬುಟ್ಟಿ ಕಟ್ಟಿಕೊಂಡು ತೋಟಕ್ಕೆ ಇಳಿದೆ.

ಮೂವತ್ತೇಳನೇ ವಯಸ್ಸಿನಲ್ಲಿ ಸಿದ್ದಾಪುರದಲ್ಲಿ ಖಾಸಗಿಯಾಗಿ ಹತ್ತನೇ ಕ್ಲಾಸು ಕಟ್ಟಿದೆ. ಆಗ ನಾನು ಎಸ್ಟೇಟ್ ಬಿಟ್ಟು ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದೆ. ಸಂಜೆ ಟ್ಯುಟೋರಿಯಲ್ಲಿಗೆ ಹೋಗುತ್ತಿದ್ದೆ. ಅಲ್ಲಿನ ಇಂಗ್ಲಿಷ್ ಟೀಚರ್ ನನಗಿಂತ ಹತ್ತು ವರ್ಷ ಚಿಕ್ಕವರು. ಒಂದು ದಿನ ಬೆಗ್ ಎಂಬ ಪದ ಕೊಟ್ಟು ವಾಕ್ಯ ಮಾಡಿ ಅಂದರು. ಹುಡುಗರು ತಡಕಾಡುತ್ತಿದ್ದರು. ನಾನು ಎದ್ದುನಿಂತು, ಬರೀ ವಾಕ್ಯ ಅಲ್ಲ ಮೇಡಂ, ನನಗೆ ಪೂರ್ತಿ ಅರ್ಜಿಯೇ ಬರುತ್ತದೆ ಎಂದು, ಹನ್ನೊಂದು ಸಾಲನ್ನೂ ಹೇಳಿಬಿಟ್ಟೆ. ಕ್ಲಾಸು ಚಪ್ಪಾಳೆ ತಟ್ಟಿತು. ಟೀಚರ್ ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿ, ಇದು ಯಾರ ಅರ್ಜಿ ಎಂದು ಕೇಳಿದರು. ನಮ್ಮಪ್ಪನ ವಿಷಯದ್ದು ಅಂದೆ. ಅವರು ಬಹಳ ಮೆತ್ತಗೆ, ಒಂದೊಂದೇ ಸಾಲಿಗೆ ಕನ್ನಡ ಹೇಳಿದರು. ಅರ್ಧಕ್ಕೆ ಬಂದಾಗ ಸಾಕು ಮೇಡಂ ಅಂದೆ.

ಆ ವಾರ ಅಂಗಡಿಯಲ್ಲಿ ಕೂತು ಡಿಕ್ಷನರಿ ತೆಗೆದೆ. ಬೆಗ್ ಎಂಬ ಒಂದು ಪದಕ್ಕೆ ಅರ್ಧ ಪುಟ. ಬೆಗ್ ಯುವರ್ ಪಾರ್ಡನ್ ಅಂದರೆ ನೀವು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ ಎಂದೂ ಆಗುತ್ತದಂತೆ. ದೊರೆ ಫೋನಿನಲ್ಲಿ ಅಂದದ್ದು ಅಷ್ಟೇ. ಬೆಗ್ ಟು ಡಿಫರ್ ಅಂದರೆ ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ. ಬೆಗ್ ಆಫ್ ಅಂದರೆ ಬರುತ್ತೇನೆ ಅಂದವನು ಆಮೇಲೆ ನಯವಾಗಿ ನುಣುಚಿಕೊಳ್ಳುವುದು. ಯಾರಿಗೂ ಬೇಡವಾಗಿ ಬಿದ್ದಿರುವ ವಸ್ತುವಿಗೂ ಆ ಪದವನ್ನೇ ಹಚ್ಚುತ್ತಾರೆ. ಕೈಯೊಡ್ಡುವ ಅರ್ಥ ಮೊದಲ ಎರಡು ಸಾಲಿನಲ್ಲಿತ್ತು. ಉಳಿದ ಅರ್ಧ ಪುಟದಲ್ಲಿ ಯಾರೂ ಯಾರ ಮುಂದೆಯೂ ಕೈಯೊಡ್ಡಿರಲಿಲ್ಲ. ಬೆಗ್ ಅನ್ನುತ್ತಲೇ ಒಪ್ಪುವುದಿಲ್ಲ ಅನ್ನುವ ಜನ ಇದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಮರ್ಯಾದೆ ಅಂದಿದ್ದರು. ಯಾರ ಮರ್ಯಾದೆ ಎಂದು ನಾನು ಕೇಳಿರಲಿಲ್ಲ.

ಅವ್ವ ಆಗ ನನ್ನ ಜೊತೆಗೇ ಇದ್ದಳು. ಮಳೆಗಾಲ, ಹಿತ್ತಲ ಬಾಗಿಲಲ್ಲಿ ಕೂತು ಕಳಲೆ ಹೆಚ್ಚುತ್ತಿದ್ದಳು. ಆ ಕಾಗದದಲ್ಲಿ ಏನಿತ್ತು ಅಂತ ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಯಾವ ಕಾಗದ ಎಂದು ಅವಳು ಕೇಳಲಿಲ್ಲ.

"ಗೊತ್ತಿತ್ತು" ಅಂದಳು. ಇನ್ನೊಂದು ಕಳಲೆ ಎತ್ತಿಕೊಂಡಳು. "ಮರದಡೀಲಿ ರೈಟರು ಎಲ್ಲಾನೂ ಬುಡಿಸಿ ಹೇಳಿದ್ರು. ನಿಮ್ಮಪ್ಪನ ಕಾಲು ಆಗ್ಲೇ ಹೋಗಿತ್ತು ಮಗ. ನಿನ್ನ ಶಾಲೆ ಇನ್ನೂ ಹೋಗಿರ್ಲಿಲ್ಲ."

ಮತ್ತೆ ಅಪ್ಪನ ಮುಂದೆ, ನೆಂಟರ ಮುಂದೆ, ಅಷ್ಟು ದಿನ ನಾನು ಅದನ್ನು ಹೇಳುವಾಗ ನೀನು ಯಾಕೆ ಸುಮ್ಮನಿದ್ದೆ ಅಂದೆ. ನನ್ನ ದನಿ ಏರಿತ್ತು. ಅವಳು ತಲೆ ಎತ್ತಿದಳು.

"ಅವ್ನು ಕೇಳಿ ಖುಷಿ ಪಡ್ತಿದ್ದ. ಆ ಮನೇಲಿ ಆಗ ಇನ್ನೇನಿತ್ತು ಖುಷಿ ಪಡಕ್ಕೆ? ಏನಂತ ಹೇಳಿ ನಿನ್ನ ಬಾಯಿ ಮುಚ್ಚಿಸ್ಲಿ?"

ನಾನು ಅವಳ ಪಕ್ಕದಲ್ಲಿ ಕೂತು ಕಳಲೆಯ ಸಿಪ್ಪೆ ಬಿಡಿಸತೊಡಗಿದೆ. ಅವ್ವ ಹೋಗಿ ಈಗ ಆರು ವರ್ಷ.

ಆ ಎಸ್ಟೇಟ್ ಎರಡು ಸಲ ಕೈ ಬದಲಾಗಿದೆ. ಹಳೆಯ ಫೈಲುಗಳು ಸಿಗುತ್ತವೋ ಎಂದು ಕೇಳಲು ಒಮ್ಮೆ ಹೋಗಿದ್ದೆ. ಗೆದ್ದಲು ಹಿಡಿದು ಸುಟ್ಟುಬಿಟ್ಟೆವು ಅಂದರು. ಆಫೀಸಿನಲ್ಲಿದ್ದ ಹುಡುಗ ಒಳ್ಳೆಯವನು, ಏನಾದರೂ ಬೇಕಾದರೆ ಅರ್ಜಿ ಕೊಡಿ ಅಂದ. ಏನಂತ ಕೊಡಲಿ? ನನ್ನಪ್ಪ ಕುಡಿಯುತ್ತಿರಲಿಲ್ಲ, ಕದಿಯುತ್ತಿರಲಿಲ್ಲ, ಏಣಿಗೆ ಹುಳ ಹಿಡಿದಿತ್ತು ಎಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲು ನನಗೆ ಈಗ ಬರುತ್ತದೆ. ಅದನ್ನು ಓದಿ ತಿದ್ದಿಕೊಳ್ಳಬೇಕಾದವರು ಯಾರೂ ಉಳಿದಿಲ್ಲ.

ಮಗಳ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಇದನ್ನು ಒತ್ತುತ್ತಿದ್ದೇನೆ. ನಿಮ್ಮಲ್ಲಿ ಲೈನ್ ಮನೆಯಲ್ಲಿ ಬೆಳೆದವರು ಇದ್ದರೆ ನಿಮ್ಮ ಮನೆಯ ಯಾವುದೋ ಕಾಗದವೂ ಎಲ್ಲೋ ಫೈಲಿನಲ್ಲಿ ಇದ್ದಿರಬಹುದು. ನನ್ನ ಕಾಗದದ ಹನ್ನೊಂದು ಸಾಲು ಇವತ್ತಿಗೂ ಒಂದಕ್ಷರ ತಪ್ಪದೆ ಬರುತ್ತದೆ, ಮರೆಯಬೇಕೆಂದರೂ ಆಗುವುದಿಲ್ಲ. ಅಪ್ಪ ಮರದ ಮೇಲಿಂದ ದಿನವಿಡೀ ಕೆಳಗಿನವರ ಜೊತೆ ಮಾತಾಡುತ್ತಿದ್ದನಲ್ಲ, ಅದರಲ್ಲಿ ಒಂದು ಮಾತೂ ನನಗೆ ನೆನಪಿಲ್ಲ. ಅಜ್ಜನ ದನಿ ಹೇಗಿತ್ತು ಎಂದು ಮೊನ್ನೆ ಮಗಳು ಕೇಳಿದಳು. ಹೇಳಲು ಬರಲಿಲ್ಲ.